ಪದಚರ್ಚೆ: ‘ಆತ್ಮವಂಚನೆ’ಗೆ ಬದಲು ಬೇರೆ ಮಾತು ಬೇಕಾಗಿದೆ

ಮಾನ್ಯರೇ,

ನಾನು ಅನುವಾದಿಸುತ್ತಿರುವ ಸಣ್ಣಕಥೆಯ ನಾಯಕ ಪ್ರತಿ ಸಂಜೆ ಕುಡಿಯಲು ಕೂರುವ ಮೊದಲು ಬಾಟಲಿಗೆ ಅಂಟಿಸಿದ ಚೀಟಿಯ ಮೇಲೆ ಪೆನ್ಸಿಲಿನಿಂದ ಒಂದು ಗೆರೆ ಎಳೆದು, ಇಲ್ಲಿಯವರೆಗೆ ಮಾತ್ರ ಎಂದು ತನಗೇ ಕಟ್ಟಳೆ ಹಾಕಿಕೊಳ್ಳುತ್ತಾನೆ. ಮದ್ಯ ಗೆರೆಗಿಂತ ಕೆಳಗಿಳಿದಾಗ ಅದನ್ನು ರಬ್ಬರಿನಿಂದ ಉಜ್ಜಿ ಅಳಿಸಿ, ಇನ್ನೂ ಕೆಳಗೆ ಎಳೆಯುತ್ತಾನೆ. ಕೆಲಸ ಹೋಗಿ, ಹೆಂಡತಿ ಮಾತು ಬಿಟ್ಟ ಮೇಲೂ ತಾನು ಒಂದು ದಿನವೂ ಗೆರೆ ದಾಟಿದವನಲ್ಲ ಎಂದೇ ಅವನ ವಾದ. ಕಥೆಯ ಶೀರ್ಷಿಕೆಗೂ ಕೊನೆಯ ವಾಕ್ಯಕ್ಕೂ ಶಬ್ದಕೋಶ ಕೊಡುವ ‘ಆತ್ಮವಂಚನೆ’ ನ್ಯಾಯಾಧೀಶರ ತೀರ್ಪಿನಂತೆ ಕೇಳಿಸುತ್ತದೆ. ಕರಡು ನಾಳೆ ಬೆಳಗ್ಗೆ ಅಚ್ಚಿಗೆ ಹೋಗಬೇಕಾಗಿರುವುದರಿಂದ ಇಂದೇ ತಿಳಿಸಿದರೆ ಉಪಕಾರವಾಗುತ್ತದೆ.

*

‘ಆತ್ಮ’ ಕನ್ನಡವಲ್ಲ, ‘ವಂಚನೆ’ಯೂ ಅಲ್ಲ. ‘ತನ್ಮೋಸ’ ಎಂದು ಬರೆಯಿರಿ. ಅದಕ್ಕಿಂತಲೂ ‘ತನ್ಗಳವು’ ಮೇಲು. ‘ಕಳ್ಳು’, ‘ಕಳ್ಳ’ ಎರಡೂ ಒಂದೇ ಬೇರಿನಿಂದ ಬಂದವು. ಕುಡಿತವು ಮನುಷ್ಯನನ್ನು ಅವನಿಂದಲೇ ಕದಿಯುತ್ತದೆ ಎಂಬುದನ್ನು ನಮ್ಮ ಹಿರಿಯರು ಪದದಲ್ಲೇ ಹೇಳಿಟ್ಟಿದ್ದಾರೆ. ಎರವಲಿನ ಚಟವೂ ಒಂದು ಚಟವೇ.

*

ಮೇಲಿನ ವ್ಯುತ್ಪತ್ತಿ ಸೊಗಸಾಗಿದೆ, ಆದರೆ ಸರಿಯಲ್ಲ. ಹಳಗನ್ನಡದಲ್ಲಿ ಕದಿಯುವ ‘ಕಳ್’ ಬೇರೆ, ಕುಡಿಯುವ ‘ಕಳ್’ ಬೇರೆ. ಬರೋ ಮತ್ತು ಎಮೆನೋ ಅವರ ದ್ರಾವಿಡ ವ್ಯುತ್ಪತ್ತಿ ಕೋಶದ 1984ರ ಆವೃತ್ತಿಯಲ್ಲಿಯೂ ಇವು ಪ್ರತ್ಯೇಕ ನಮೂದುಗಳೇ. ಇನ್ನು ‘ಮೋಸ’ದ ವಿಚಾರ: ಪ್ರಾಕೃತದಲ್ಲಿ ಸುಳ್ಳಿಗೆ ‘ಮೋಸ’ ಎಂಬ ಮಾತು ಇರುವಾಗ ಅದರ ಅಚ್ಚಗನ್ನಡತನಕ್ಕೆ ಯಾರು ಹೊಣೆ ನಿಲ್ಲುತ್ತಾರೋ ಕಾಣೆ.

ಪ್ರಶ್ನೆ ಕೇಳಿದವರಿಗೆ ನನ್ನ ಉತ್ತರ ಇದು. ಕನ್ನಡದಲ್ಲಿ ಈ ಭಾವವು ನಾಮಪದದಲ್ಲಿ ಇಲ್ಲ, ‘ಕೊಳ್ಳು’ ಎಂಬ ಸಹಾಯಕ ಕ್ರಿಯಾಪದದಲ್ಲಿದೆ. ‘ಮೋಸಹೋದ’ ಎಂದರೆ ಪಾಪ, ಯಾರೋ ಮಾಡಿದ ಮೋಸಕ್ಕೆ ಬಲಿಯಾದವನು. ‘ನಂಬಿಕೊಂಡ’ ಎಂದರೆ ಯಾವುದನ್ನೋ ನೆಚ್ಚಿ ಕುಳಿತವನು. ‘ನಂಬಿಸಿಕೊಂಡ’ ಎಂದು ಬರೆದು ನೋಡಿ: ‘ಇಸು’ ಸೇರಿದೊಡನೆ ನಂಬಿಸುವವನಿಗೆ ಎದುರಾಗಿ ನಂಬುವ ಇನ್ನೊಬ್ಬ ಬೇಕಾಗುತ್ತದೆ, ‘ಕೊಳ್ಳು’ ಬಂದು ಆ ಇನ್ನೊಬ್ಬನ ಜಾಗದಲ್ಲಿ ಅವನನ್ನೇ ಕೂರಿಸುತ್ತದೆ. ಪೆನ್ಸಿಲ್ ಹಿಡಿದವನೂ ಗೆರೆಯನ್ನು ಕಂಡು ಸಮಾಧಾನಪಟ್ಟವನೂ ಒಬ್ಬನೇ ಎಂಬುದನ್ನು ಇಷ್ಟು ಅಗ್ಗವಾಗಿ ಹೇಳುವ ಸಮಾಸ ನನಗೆ ತಿಳಿದಿಲ್ಲ.

ಶೀರ್ಷಿಕೆಗೆ ‘ವ್ಯಸನ’ ಎಂದಿಡಿ. ಸಪ್ತವ್ಯಸನಗಳಲ್ಲಿ ಮದ್ಯಪಾನವೂ ಒಂದು. ಆದರೆ ‘ವ್ಯಸನಪಡಬೇಡ’ ಎನ್ನುವಾಗ ಅದೇ ಪದಕ್ಕೆ ದುಃಖವೆಂದು ಅರ್ಥ. ದುಃಖವನ್ನು ಮರೆಯಲು ಕುಡಿಯುತ್ತೇನೆ ಎನ್ನುವವನ ನೆಪವೂ ರೋಗವೂ ಒಂದೇ ಪದದಲ್ಲಿ ಕೂತಿರುವಾಗ, ಅವುಗಳಲ್ಲಿ ಯಾವುದು ಮೊದಲು ಬಂದಿತೆಂದು ಅವನಿಗೂ ಗೊತ್ತಾಗುವುದಿಲ್ಲ.

*

ಕೊನೆಗೆ ಸಂಸ್ಕೃತಕ್ಕೇ ಶರಣು. ‘ಕುಡಿತ’ ಎಂಬ ಪದವೇನು ಸತ್ತಿತ್ತೇ?

*

ಸತ್ತಿಲ್ಲ, ಆದರೆ ‘ಕುಡಿತ’ ಎಂಬುದು ನೆರೆಮನೆಯವರು ಆಡುವ ಮಾತು. ಕಥೆಯಲ್ಲಿ ಅವನು ಆ ಕ್ರಿಯಾಪದವನ್ನು ತನ್ನ ಬಗ್ಗೆ ಒಮ್ಮೆಯೂ ಬಳಸುವುದಿಲ್ಲ, ‘ಸ್ವಲ್ಪ ತೆಗೆದುಕೊಳ್ಳುತ್ತೇನೆ’ ಎನ್ನುತ್ತಾನೆ. ಅಲ್ಲಿಯೂ ‘ಕೊಳ್ಳು’ ಇರುವುದನ್ನು ನಾನು ಈಗಷ್ಟೇ ಗಮನಿಸಿದೆ. ಶೀರ್ಷಿಕೆ ‘ವ್ಯಸನ’ ಎಂದಾಯಿತು. ಕೊನೆಯ ವಾಕ್ಯವನ್ನು ಹೀಗೆ ತಿದ್ದಿದ್ದೇನೆ: ‘ಬಾಟಲಿಯ ತಳದಲ್ಲಿ ಗೆರೆ ಎಳೆಯಲು ಚೀಟಿಯೇ ಉಳಿದಿರಲಿಲ್ಲ, ಇಂದು ಗೆರೆ ಬೇಕಾಗಿಯೇ ಇಲ್ಲವೆಂದು ಅವನು ನಂಬಿಸಿಕೊಂಡ.’