ಹಳೇ ಆರ್‌ಎಕ್ಸ್ 100: ರಿಪೇರಿ ಕಿಟ್ ಹಾಕಿದ ಮೇಲೂ ಕಾರ್ಬುರೇಟರ್ ಸೋರುತ್ತಿದೆ

ಸಂತೆ_ಆರ್‌ಎಕ್ಸ್ (ಶನಿವಾರಸಂತೆ)

ನಮಸ್ಕಾರ ಎಲ್ಲರಿಗೂ. ನಮ್ಮದು 1994ರ ಯಮಹಾ ಆರ್‌ಎಕ್ಸ್ 100, ಅಪ್ಪ ತೋಟಕ್ಕೆ ಓಡಿಸುತ್ತಿದ್ದ ಗಾಡಿ. ಈ ಸಲದ ಮಳೆಗಾಲ ಪೂರ್ತಿ ಶೆಡ್ಡಿನಲ್ಲೇ ನಿಂತಿತ್ತು, ಟ್ಯಾಂಕಿನಲ್ಲಿ ಅರ್ಧದಷ್ಟು ಪೆಟ್ರೋಲ್ ಹಾಗೇ ಇತ್ತು. ಈಗ ಕಾಫಿ ಕೊಯ್ಲು ಶುರುವಾಗಿದೆ, ತೋಟಕ್ಕೂ ಪೇಟೆಗೂ ಓಡಾಡಲು ಗಾಡಿ ಬೇಕೇ ಬೇಕು.

ತೊಂದರೆ ಏನೆಂದರೆ ಕಾರ್ಬುರೇಟರ್ ಸೋರುತ್ತಿದೆ. ರಾತ್ರಿ ನಿಲ್ಲಿಸಿದರೆ ಬೆಳಿಗ್ಗೆ ಇಂಜಿನ್ ಕೆಳಗೆ ನೆಲ ಒದ್ದೆ, ಶೆಡ್ಡೆಲ್ಲ ಪೆಟ್ರೋಲ್ ವಾಸನೆ. ಟ್ಯಾಂಕಿನ ಅಡಿಯ ಪೆಟ್ರೋಲ್ ಕಾಕ್ ಆಫ್ ಮಾಡಿದರೂ ಸ್ವಲ್ಪ ಹನಿಯುತ್ತದೆ. ಬೆಳಿಗ್ಗೆ ಕಿಕ್ಕರ್ ಭಾರ ಅನ್ನಿಸುತ್ತದೆ, ಪ್ಲಗ್ ಬಿಚ್ಚಿದರೆ ತೊಯ್ದಿರುತ್ತದೆ, ಹೇಗೋ ಸ್ಟಾರ್ಟ್ ಆದರೆ ಸಿಕ್ಕಾಪಟ್ಟೆ ಹೊಗೆ. ಆಮೇಲೆ ಓಡುವಾಗ ಅಷ್ಟೇನೂ ತೊಂದರೆ ಇಲ್ಲ.

ಪೇಟೆಯ ಮೆಕ್ಯಾನಿಕ್ ಒಬ್ಬರು ಕಿಟ್ ಹಾಕಿ, ಎಲ್ಲ ಸ್ಕ್ರೂ ಗಟ್ಟಿಯಾಗಿ ಬಿಗಿದು ಕೊಟ್ಟರು. ಮನೆಗೆ ತಂದ ಮಾರನೇ ದಿನವೇ ಮತ್ತೆ ಅದೇ ಕಥೆ. ಈಗ ಅವರು "ಇದು ಆಗಲ್ಲ, ಹೊಸ ಕಾರ್ಬುರೇಟರ್ ತನ್ನಿ" ಅನ್ನುತ್ತಿದ್ದಾರೆ. ಇದು ಗಾಡಿ ಜೊತೆ ಬಂದ ಒರಿಜಿನಲ್ ಮಿಕುನಿ, ಬಿಸಾಡಲು ಮನಸ್ಸಿಲ್ಲ. ನಾನೇ ಬಿಚ್ಚಿ ನೋಡೋಣ ಅಂತಿದ್ದೇನೆ. ಸ್ಪ್ರೇಯರ್, ಕಳೆ ಕೊಚ್ಚುವ ಮಿಷಿನ್ ಎಲ್ಲ ಬಿಚ್ಚಿ ಅಭ್ಯಾಸ ಇದೆ, ಬೈಕಿನದು ಮುಟ್ಟಿಲ್ಲ. ಎಲ್ಲಿಂದ ಶುರು ಮಾಡಲಿ?

ಕಾಫಿಕಣ (ಮಡಿಕೇರಿ)

ಮೊದಲು ಒಂದು ಮಾತು. ಗಾಡಿಯನ್ನು ಬಚ್ಚಲ ಒಲೆ ಇರುವ ಕಡೆಯಿಂದ ದೂರ ನಿಲ್ಲಿಸಿ. ಪೆಟ್ರೋಲ್ ಆವಿ ಗಾಳಿಗಿಂತ ಭಾರ, ನೆಲದ ಮೇಲೆ ಹರಡಿಕೊಂಡು ದೂರದ ಬೆಂಕಿವರೆಗೂ ಹೋಗುತ್ತದೆ. ನಮ್ಮ ಕಡೆ ಅರ್ಧ ಮನೆಗಳಲ್ಲಿ ಶೆಡ್ಡಿಗೂ ಹಂಡೆ ಒಲೆಗೂ ನಡುವೆ ಒಂದೇ ಗೋಡೆ, ಅದಕ್ಕೇ ಹೇಳಿದೆ.

ಇನ್ನು ಸೋರಿಕೆ. ಏನನ್ನೂ ಬಿಚ್ಚಬೇಡಿ ಈಗಲೇ. ಎಲ್ಲಿಂದ ಹನಿಯುತ್ತಿದೆ ಅಂತ ನೀವು ಬರೆದೇ ಇಲ್ಲ, ಎಲ್ಲ ಇರುವುದು ಅದರಲ್ಲೇ. ಕಾರ್ಬುರೇಟರ್ ಹೊರಗಡೆ ಬಟ್ಟೆಯಿಂದ ಚೆನ್ನಾಗಿ ಒರೆಸಿ, ಒಣಗಿದ ಮೇಲೆ ಮುಖಕ್ಕೆ ಹಾಕುವ ಪೌಡರ್ ಸ್ವಲ್ಪ ಉದುರಿಸಿ, ಆಮೇಲೆ ಕಾಕ್ ಆನ್ ಮಾಡಿ ಟಾರ್ಚ್ ಹಿಡಿದು ಕೂತು ನೋಡಿ. ಪೌಡರ್ ಎಲ್ಲಿ ಮೊದಲು ಒದ್ದೆಯಾಗುತ್ತದೋ ಅಲ್ಲೇ ಕಳ್ಳ ಇದ್ದಾನೆ. ಬೌಲ್ (ಕಾರ್ಬುರೇಟರ್ ಅಡಿಯಲ್ಲಿ ಪೆಟ್ರೋಲ್ ನಿಲ್ಲುವ ಬಟ್ಟಲು) ಕೂಡುವ ಜಾಗದಲ್ಲಿ ಒದ್ದೆ ಬಂದರೆ ಗ್ಯಾಸ್ಕೆಟ್. ಕೆಳಗಿನ ಡ್ರೈನ್ ಸ್ಕ್ರೂ ಹತ್ತಿರ ಬಂದರೆ ಅದರ ವಾಷರ್. ಓವರ್‌ಫ್ಲೋ ಪೈಪಿನಿಂದ ಅಥವಾ ಏರ್ ಫಿಲ್ಟರ್ ಕಡೆಯ ಬಾಯಿಂದ ಬಂದರೆ ಒಳಗೆ ಪೆಟ್ರೋಲ್ ಮಟ್ಟ ಏರುತ್ತಿದೆ ಅಂತ ಅರ್ಥ, ಅಂದರೆ ಫ್ಲೋಟ್ (ಬೌಲಿನಲ್ಲಿ ತೇಲುವ ತುಂಡು) ಅಥವಾ ಫ್ಲೋಟ್ ಪಿನ್ (ಬೌಲ್ ತುಂಬಿದಾಗ ಪೆಟ್ರೋಲ್ ದಾರಿ ಮುಚ್ಚುವ ಪಿನ್). ನಿಮ್ಮ ಪ್ಲಗ್ ತೊಯ್ದಿರುವುದು, ಕಿಕ್ಕರ್ ಭಾರ ಆಗಿರುವುದು ನೋಡಿದರೆ ಇದೇ ಇರಬೇಕು. ಉಕ್ಕಿದ ಪೆಟ್ರೋಲ್ ರೀಡ್ ವಾಲ್ವ್ ದಾಟಿ ಇಂಜಿನ್ ಅಡಿಯ ಕ್ರ್ಯಾಂಕ್ ಕೇಸಿಗೆ ಇಳಿಯುತ್ತಿದೆ. ಅದನ್ನು ಖಾಲಿ ಮಾಡದೆ ಬಲವಾಗಿ ಕಿಕ್ ಹೊಡೆಯಬೇಡಿ. ಕಾಕ್ ಆಫ್, ಕೀ ಆಫ್ ಮಾಡಿ, ಪ್ಲಗ್ ಬಿಚ್ಚಿ ದೂರ ಇಟ್ಟು, ನಿಧಾನಕ್ಕೆ ಕಿಕ್ಕರ್ ತಿರುಗಿಸಿ ಒಳಗಿನದನ್ನು ಹೊರಗೆ ಹಾಕಿ.

ಇನ್ನೊಂದು ಪ್ರಶ್ನೆ. ಗಾಡಿ ನಿಲ್ಲಿಸುವ ಜಾಗ ಸಮತಟ್ಟಾಗಿದೆಯಾ? ಕೊಡಗಿನ ಅಂಗಳ ಅಂದರೆ ಇಳಿಜಾರೇ ಅಲ್ವಾ. ಸೈಡ್ ಸ್ಟ್ಯಾಂಡ್ ಹಾಕಿ ಇಳಿಜಾರಿನಲ್ಲಿ ನಿಲ್ಲಿಸಿದರೆ ಬೌಲ್ ಒಳಗೆ ಪೆಟ್ರೋಲ್ ಒಂದು ಕಡೆಗೆ ವಾಲುತ್ತದೆ, ಫ್ಲೋಟ್ ಪಿನ್ ಸರಿಯಾಗಿ ಮುಚ್ಚುವುದಿಲ್ಲ, ಚೆನ್ನಾಗಿರುವ ಕಾರ್ಬುರೇಟರ್ ಕೂಡ ಸ್ವಲ್ಪ ಸೋರಬಹುದು. ಒಂದು ರಾತ್ರಿ ಸೆಂಟರ್ ಸ್ಟ್ಯಾಂಡ್ ಹಾಕಿ ಕಾಫಿ ಕಣದ ಮೇಲೆ ನಿಲ್ಲಿಸಿ ನೋಡಿ.

ಬುಲೆಟ್_ವಿರಾಜಪೇಟೆ

ಇಷ್ಟೆಲ್ಲ ಯಾಕೆ? ಹೊಸ ಡೂಪ್ಲಿಕೇಟ್ ಕಾರ್ಬುರೇಟರ್ ಅಗ್ಗಕ್ಕೆ ಸಿಗುತ್ತದೆ, ಆನ್‌ಲೈನಿನಲ್ಲಿ ತರಿಸಿ ಹಾಕಿ, ಕೊಯ್ಲು ಮುಗಿಸಿ. ಹಳೇದನ್ನು ಆಮೇಲೆ ಬಿಡುವಾದಾಗ ನೋಡಿಕೊಳ್ಳಬಹುದು.

ಪಾನಾ_ನಂಬರ್_10 (ಗೋಣಿಕೊಪ್ಪ)

ಡೂಪ್ಲಿಕೇಟ್ ಬೇಡ ಅಂತ ನನ್ನ ಅಭಿಪ್ರಾಯ. ನಮ್ಮ ಗ್ಯಾರೇಜಿಗೆ ಬರುವ ಡೂಪ್ಲಿಕೇಟಿನಲ್ಲಿ ಜೆಟ್ (ಪೆಟ್ರೋಲ್ ಅಳೆದು ಬಿಡುವ ಸಣ್ಣ ತೂತಿನ ಹಿತ್ತಾಳೆ ತುಂಡು) ಮೇಲೆ ಬರೆದ ನಂಬರ್ ಒಂದು, ತೂತು ಇನ್ನೊಂದು. ಟೂ ಸ್ಟ್ರೋಕ್ ಇಂಜಿನ್‌ಗೆ ಪೆಟ್ರೋಲ್ ಕಡಿಮೆ ಹೋದರೆ ಅದರ ಜೊತೆ ತಣಿಸುವುದೂ ಕಡಿಮೆ, ಪಿಸ್ಟನ್ ಜಾಮ್ ಆಗುತ್ತದೆ. ಹಳೇ ಮಿಕುನಿ ಬಾಡಿ ಒಡೆದಿಲ್ಲ, ಸ್ಲೈಡ್ (ಥ್ರಾಟಲ್ ತಿರುಗಿಸಿದಾಗ ಮೇಲೇಳುವ ತುಂಡು) ಓಡುವ ಜಾಗ ಸವೆದಿಲ್ಲ ಅಂದರೆ ಅದನ್ನು ಸರಿ ಮಾಡಬಹುದು.

ಕಿಟ್ ಹಾಕಿದರೂ ಸೋರುವುದಕ್ಕೆ ನಾನು ಹೆಚ್ಚಾಗಿ ನೋಡುವ ಕಾರಣ ಹೇಳುತ್ತೇನೆ. ಫ್ಲೋಟ್ ಪಿನ್ ಹೊಸದು ಹಾಕುತ್ತಾರೆ, ಅದು ಕೂರುವ ಹಿತ್ತಾಳೆ ಸೀಟನ್ನು ಮಾತ್ರ ಹಳೇದೇ ಬಿಡುತ್ತಾರೆ. ಸೀಟು ಕಾರ್ಬುರೇಟರ್ ಬಾಡಿಯ ಥ್ರೆಡ್ಡಿನಲ್ಲಿ ಕೂತಿರುತ್ತದೆ, ಅದರ ಅಡಿಯಲ್ಲಿ ಒಂದು ಸಣ್ಣ ವಾಷರ್ ಇರುತ್ತದೆ. ಆ ವಾಷರ್ ಹೋಗಿದ್ದರೆ ಪಿನ್ ಎಷ್ಟು ಚೆನ್ನಾಗಿ ಮುಚ್ಚಿದರೂ ಪೆಟ್ರೋಲ್ ಥ್ರೆಡ್ ಸುತ್ತಲಿಂದ ನುಸುಳಿ ಬೌಲಿಗೆ ಇಳಿಯುತ್ತಲೇ ಇರುತ್ತದೆ. ಮೇಲಿಂದ ನೋಡಿದರೆ ಏನೂ ಗೊತ್ತಾಗುವುದಿಲ್ಲ. ಪಿನ್ ಮತ್ತು ಸೀಟು ಜೋಡಿಯಾಗಿಯೇ ಬದಲಿಸಬೇಕು, ವಾಷರ್ ಸಮೇತ.

ಬಿಚ್ಚುವಾಗ ಸ್ಕ್ರೂ ಜಾಗ್ರತೆ. ಯಮಹಾದ ಸ್ಟಾರ್ ಸ್ಕ್ರೂಗಳು ಜಪಾನ್ ಅಳತೆಯವು, ನಮ್ಮ ಸಾಮಾನ್ಯ ಸ್ಟಾರ್ ಸ್ಕ್ರೂಡ್ರೈವರ್ ಹಾಕಿ ತಿರುಗಿಸಿದರೆ ತಲೆ ನುಣ್ಣಗಾಗುತ್ತದೆ. ಸರಿಯಾಗಿ ಕೂರುವ ಮೂತಿ ಹುಡುಕಿ, ಗಟ್ಟಿಯಾಗಿ ಒತ್ತಿ ಹಿಡಿದು ತಿರುಗಿಸಿ. ನಿಮ್ಮ ಮೆಕ್ಯಾನಿಕ್ "ಗಟ್ಟಿಯಾಗಿ ಬಿಗಿದ್ದಾರೆ" ಅಂದಿರಲ್ಲ, ಅದೂ ನನಗೆ ಅನುಮಾನ. ಮ್ಯಾನಿಫೋಲ್ಡ್ ಕಡೆ, ಅಂದರೆ ಕಾರ್ಬುರೇಟರ್ ಇಂಜಿನ್‌ಗೆ ಕೂಡುವ ಕಡೆ, ಬೋಲ್ಟ್ ಜಾಸ್ತಿ ಬಿಗಿದರೆ ಅಲ್ಲಿನ ಚಪ್ಪಟೆ ಅಂಚು (ಫ್ಲೇಂಜ್) ಬಾಗುತ್ತದೆ, ಅಲ್ಲಿಂದ ಗಾಳಿ ಎಳೆಯುತ್ತದೆ. ಗಾಜಿನ ಮೇಲೆ ಇಟ್ಟು ನೋಡಿ, ಅಲ್ಲಾಡಿದರೆ ಬಾಗಿದೆ.

ಬಿಚ್ಚಿದ ಮೇಲೆ ಪಿನ್ ತುದಿಯನ್ನು ಬಿಸಿಲಿಗೆ ಹಿಡಿಯಿರಿ. ಉಂಗುರದ ಹಾಗೆ ಗೆರೆ ಬಿದ್ದಿದ್ದರೆ ಅದು ಮುಗಿದ ಪಿನ್. ಫ್ಲೋಟನ್ನು ಕಿವಿ ಹತ್ತಿರ ಅಲ್ಲಾಡಿಸಿ, ಒಳಗೆ ಕುಲುಕಿದರೆ ತೂತಾಗಿದೆ. ಅನುಮಾನ ಇದ್ದರೆ ಬಿಸಿನೀರಲ್ಲಿ ಮುಳುಗಿಸಿ, ಗುಳ್ಳೆ ಬರುತ್ತದೆ (ನೀರು ಬೇರೆ ಕಡೆ ಕಾಯಿಸಿ ತನ್ನಿ, ಒಲೆ ಮುಂದೆ ಕೂತು ಈ ಕೆಲಸ ಬೇಡ). ಬೌಲನ್ನು ಮಾತ್ರ ಪ್ರತ್ಯೇಕವಾಗಿ ಪೆಟ್ರೋಲ್ ತುಂಬಿಸಿ ಸ್ವಲ್ಪ ಹೊತ್ತು ಇಡಿ. ಬೌಲೇ ಹನಿದರೆ ಡ್ರೈನ್ ವಾಷರ್ ಹೋಗಿದೆ, ಇಲ್ಲಾ ಒಳಗೆ ಓವರ್‌ಫ್ಲೋ ಕೊಳವೆ ಸೀಳಿದೆ. ಅಂಥದ್ದಕ್ಕೆ ಎಷ್ಟು ಪಿನ್ ಬದಲಿಸಿದರೂ ಸೋರಿಕೆ ನಿಲ್ಲುವುದಿಲ್ಲ.

ಜೋಡಿಸುವ ಮುಂಚೆ ಪೆಟ್ರೋಲ್ ಬರುವ ಮೂತಿಗೆ ಶುದ್ಧ ಪೈಪ್ ಹಾಕಿ ಊದಿ. ಕಾರ್ಬುರೇಟರ್ ನೆಟ್ಟಗೆ ಹಿಡಿದಾಗ ಗಾಳಿ ಹೋಗಬೇಕು, ತಲೆಕೆಳಗೆ ಹಿಡಿದಾಗ ನಿಲ್ಲಬೇಕು. ಮೆಲ್ಲಗೆ ಊದಿ ಮಾರಾಯರೆ, ಪ್ರಾಣಾಯಾಮ ಅಲ್ಲ. ಫ್ಲೋಟ್ ಎತ್ತರ ಸರ್ವಿಸ್ ಮ್ಯಾನ್ಯುಯಲ್‌ನಲ್ಲಿರುವ ಅಳತೆಗೆ ಇಡಿ. ಪಿನ್ ಒತ್ತುವ ತಗಡಿನ ನಾಲಿಗೆಯನ್ನು ಕೂದಲೆಳೆಯಷ್ಟು ಬಗ್ಗಿಸಿದರೂ ಮಟ್ಟ ಬದಲಾಗುತ್ತದೆ.

ಜೆಟ್ ತೂತಿಗೆ ಸೂಜಿ, ಗುಂಡುಪಿನ್ನು ಹಾಕಬೇಡಿ, ಹಿತ್ತಾಳೆ ಮೆದು, ತೂತು ದೊಡ್ಡದಾಗುತ್ತದೆ. ಕ್ಲೀನರ್ ಸ್ಪ್ರೇ ಹೊಡೆದು ಕಂಪ್ರೆಸರ್ ಗಾಳಿ ಸಾಕು. ಸ್ಪ್ರೇ ಹೊಡೆಯುವ ಮುಂಚೆ ರಬ್ಬರ್ ಎಲ್ಲ ತೆಗೆಯಿರಿ.

ಸಂತೆ_ಆರ್‌ಎಕ್ಸ್

ಥ್ಯಾಂಕ್ಸ್ ಅಣ್ಣಾ, ಇಬ್ಬರಿಗೂ. ಪೌಡರ್ ಹಾಕಿ ನೋಡಿದೆ, ಓವರ್‌ಫ್ಲೋ ಪೈಪಿನಿಂದಲೇ ಬರುತ್ತಿದೆ. ಸಮತಟ್ಟಿನಲ್ಲಿ ನಿಲ್ಲಿಸಿದರೂ ಕಡಿಮೆ ಆಗಲಿಲ್ಲ. ಬಿಚ್ಚಿದರೆ ಪಿನ್ ಹೊಳೆಯುತ್ತಿದೆ, ಸೀಟು ಮಾತ್ರ ಕಪ್ಪಗೆ, ಹಳೇದೇ. ವಾಷರ್ ಕೈಯಲ್ಲಿ ಹಿಡಿದರೆ ಮುರಿದೇ ಹೋಯಿತು. ಬೌಲಿನ ತಳದಲ್ಲಿ ಕೆಂಪು ಹುಡಿ ಇದೆ. ಅದು ಟ್ಯಾಂಕಿನದ್ದಾ?

ಕಾಫಿಕಣ

ಟ್ಯಾಂಕಿನದ್ದೇ, ತುಕ್ಕು. ಅರ್ಧ ಟ್ಯಾಂಕ್ ಖಾಲಿ ಬಿಟ್ಟು ಮಳೆಗಾಲ ಕಳೆದರೆ ಖಾಲಿ ಜಾಗದ ತಗಡಿಗೆ ತೇವ ಕೂತು ತುಕ್ಕು ಹಿಡಿಯುತ್ತದೆ. ಈಗಿನ ಪೆಟ್ರೋಲಿನಲ್ಲಿ ಎಥೆನಾಲ್ ಬೇರೆ ಇದೆ, 2025ರ ಹೊತ್ತಿಗೆ ನೂರಕ್ಕೆ 20ರವರೆಗೆ ಬಂದಿದೆ. ಎಥೆನಾಲ್ ಗಾಳಿಯ ತೇವ ಹೀರುತ್ತದೆ. ನೀರು ಜಾಸ್ತಿ ಸೇರಿದರೆ ನೀರು, ಎಥೆನಾಲ್ ಎರಡೂ ಪೆಟ್ರೋಲಿನಿಂದ ಬೇರೆಯಾಗಿ ತಳಕ್ಕೆ ಇಳಿಯುತ್ತವೆ, ಕಾಕ್ ಎಳೆಯುವುದು ಅಲ್ಲಿಂದಲೇ. ನಿಮ್ಮ ಗಾಡಿ ತಯಾರಾದಾಗ ಈ ಪೆಟ್ರೋಲ್ ಇರಲಿಲ್ಲ, ಹಳೇ ರಬ್ಬರಿಗೆ ಇದು ಆಗಿಬರುವುದಿಲ್ಲ.

ಹೊಸ ಸೀಟು ಹಾಕಿ ಟ್ಯಾಂಕ್ ಹಾಗೇ ಬಿಟ್ಟರೆ ತುಕ್ಕಿನ ಒಂದು ಕಣ ಪಿನ್ನಿಗೂ ಸೀಟಿಗೂ ನಡುವೆ ಸಿಕ್ಕಿಕೊಂಡು ಮತ್ತೆ ಸೋರುತ್ತದೆ. ಟ್ಯಾಂಕ್ ಬಿಚ್ಚಿ, ಕಾಕ್ ತೆಗೆದು ತೂತು ಮುಚ್ಚಿ, ಅಂಗಡಿಯ ಬಿಳಿ ವಿನೆಗರ್ ತುಂಬಿಸಿ ಒಂದು ದಿನ ಬಿಡಿ. ಹಿಡಿಯಷ್ಟು ನಟ್ಟು ಹಾಕಿ ಕುಲುಕಿದರೆ ಬೇಗ ಬಿಡುತ್ತದೆ, ನಟ್ಟು ಎಣಿಸಿ ಹಾಕಿ, ಎಣಿಸಿ ತೆಗೆಯಿರಿ. ಆಮೇಲೆ ಅಡುಗೆ ಸೋಡಾ ನೀರಿನಲ್ಲಿ ತೊಳೆದು, ಪೂರ್ತಿ ಒಣಗಿಸಿ, ತಕ್ಷಣ 2ಟಿ (ಟೂ ಸ್ಟ್ರೋಕ್) ಆಯಿಲ್ ಬೆರೆಸಿದ ಪೆಟ್ರೋಲ್ ಸುತ್ತ ಆಡಿಸಿ. ಇಲ್ಲದಿದ್ದರೆ ಕಣ್ಣೆದುರೇ ಮತ್ತೆ ಕೆಂಪಾಗುತ್ತದೆ. ಹುಳಿ ಅಂತ ಕಾಚಂಪುಳಿ ಸುರಿಯಬೇಡಿ, ಅದು ಹಂದಿ ಕರಿಗೆ ಇರಲಿ.

ಕಾಕ್ ಆಫ್ ಇದ್ದರೂ ಹನಿಯುತ್ತದೆ ಅಂದಿರಲ್ಲ, ಅದು ಬೇರೆಯೇ ಕಾಯಿಲೆ. ಕಾಕ್ ಒಳಗಿನ ರಬ್ಬರ್ ಗಟ್ಟಿಯಾಗಿದೆ. ಅದನ್ನೂ ಬದಲಿಸಿ, ಪೈಪ್ ಬಾಟಲಿಗೆ ಬಿಟ್ಟು ಆಫ್ ಮಾಡಿ ಅರ್ಧ ಗಂಟೆ ನೋಡಿ. ಒಂದು ಹನಿಯೂ ಬೀಳಬಾರದು.

ಬುಲೆಟ್_ವಿರಾಜಪೇಟೆ

ಸರಿ, ಡೂಪ್ಲಿಕೇಟ್ ಮಾತು ವಾಪಸ್. ಆದರೆ ಫೋರ್ ಸ್ಟ್ರೋಕ್ ಇರುವವರು ಓದುತ್ತಿದ್ದರೆ ಇದನ್ನೂ ಸೇರಿಸಿಕೊಳ್ಳಿ. ಬುಲೆಟ್‌ನಲ್ಲಿ ಹೀಗೆ ಉಕ್ಕಿದರೆ ಪೆಟ್ರೋಲ್ ಇಂಜಿನ್ ಆಯಿಲ್‌ಗೆ ಸೇರಬಹುದು. ಆಯಿಲ್ ಮಟ್ಟ ಏರಿದೆಯಾ, ಪೆಟ್ರೋಲ್ ವಾಸನೆ ಬರುತ್ತದೆಯಾ ನೋಡಿ. ಬಂದರೆ ಆಯಿಲ್ ಬದಲಿಸದೆ ಓಡಿಸಬೇಡಿ.

ಸಂತೆ_ಆರ್‌ಎಕ್ಸ್

ಸೀಟು, ಪಿನ್, ವಾಷರ್ ಸೆಟ್ ಕುಶಾಲನಗರದಲ್ಲಿ ಸಿಗಲಿಲ್ಲ, ಮೈಸೂರಿಂದ ತರಿಸಿದೆ. ಟ್ಯಾಂಕ್, ಕಾಕ್ ರಬ್ಬರ್ ಎರಡೂ ಆಯಿತು. ಈಗ ರಾತ್ರಿ ಇಟ್ಟರೂ ನೆಲ ಒಣಗಿಯೇ ಇದೆ, ಒಂದೇ ಕಿಕ್ಕಿಗೆ ಸ್ಟಾರ್ಟ್. ಕೊನೆಗೆ ಒಂದು ಡೌಟ್. ಐಡ್ಲಿಂಗ್ ಏರಿಳಿಯುತ್ತಿದೆ, ಏರ್ ಸ್ಕ್ರೂ ಎಷ್ಟಕ್ಕೆ ಇಡಲಿ? ಮುಂದಿನ ವಾರ ಸಂಪಾಜೆ ಘಾಟಿ ಇಳಿದು ಮಂಗಳೂರಿಗೆ ಹೋಗುವುದೂ ಇದೆ.

ಪಾನಾ_ನಂಬರ್_10

ಏರ್ ಸ್ಕ್ರೂ ಮೆಲ್ಲಗೆ ಪೂರ್ತಿ ಒಳಗೆ ತಿರುಗಿಸಿ, ಬಿಗಿಯಬೇಡಿ, ಅಲ್ಲಿಂದ ಒಂದೂವರೆ ಸುತ್ತು ಹೊರಗೆ. ಅದು ಶುರುವಿಗೆ ಮಾತ್ರ. ಇಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ ಕಾಲು ಸುತ್ತು ಆಚೆ ಈಚೆ ಮಾಡಿ, ಐಡ್ಲಿಂಗ್ ಎಲ್ಲಿ ಜಾಸ್ತಿಯಾಗಿ ಸಮವಾಗಿ ನಿಲ್ಲುತ್ತದೋ ಅಲ್ಲಿ ಬಿಡಿ, ಆಮೇಲೆ ಥ್ರಾಟಲ್ ಸ್ಕ್ರೂನಲ್ಲಿ ಇಳಿಸಿ. ಈ ಸ್ಕ್ರೂ ಒಳಗೆ ಹೋದರೆ ಪೆಟ್ರೋಲ್ ಜಾಸ್ತಿ, ಹೊರಗೆ ಬಂದರೆ ಗಾಳಿ ಜಾಸ್ತಿ. ಎಷ್ಟು ತಿರುಗಿಸಿದರೂ ಏರಿಳಿತ ನಿಲ್ಲದಿದ್ದರೆ ಸ್ಕ್ರೂ ಬಿಟ್ಟು ಆ ಫ್ಲೇಂಜ್ ಕಡೆ ಗಾಳಿ ಎಳೆಯುತ್ತಿದೆಯಾ ನೋಡಿ.

ಮಂಗಳೂರಿನ ವಿಷಯ. ಮಡಿಕೇರಿ ಸಮುದ್ರಮಟ್ಟದಿಂದ 1,100 ಮೀಟರಿಗಿಂತ ಮೇಲಿದೆ, ಅಲ್ಲಿ ಗಾಳಿಯ ಸಾಂದ್ರತೆ ಕೆಳಗಿನದಕ್ಕಿಂತ ಸುಮಾರು ನೂರಕ್ಕೆ ಹತ್ತರಷ್ಟು ಕಡಿಮೆ. ಮೇಲೆ ಸ್ವಲ್ಪ ಪೆಟ್ರೋಲ್ ಜಾಸ್ತಿ ಹೋಗಿ ಪ್ಲಗ್ ಕಪ್ಪಾದರೂ ಪರವಾಗಿಲ್ಲ. ಇಲ್ಲಿ ಚೆನ್ನಾಗಿ ಓಡಲಿ ಅಂತ ಚಿಕ್ಕ ಮೇನ್ ಜೆಟ್ ಹಾಕಿ ಕೆಳಗೆ ಹೋದರೆ ಬಯಲಿನಲ್ಲಿ ಪೂರ್ತಿ ಥ್ರಾಟಲ್ ಕೊಟ್ಟಾಗ ಇಂಜಿನ್ ಜಾಮ್ ಆಗುವ ಭಯ. ಜೆಟ್ ಕಂಪನಿ ಅಳತೆಯದ್ದೇ ಇರಲಿ, ಸ್ಲೈಡಿನ ಸೂಜಿಯ (ನೀಡಲ್) ಕ್ಲಿಪ್ ಕಂಪನಿ ಹೇಳಿದ ಕಚ್ಚಿನಲ್ಲೇ ಇರಲಿ. ಹೊರಡುವ ಮುಂಚೆ ಪೆಟ್ರೋಲ್ ಪೈಪಿಗೆ ಒಂದು ಸಣ್ಣ ಫಿಲ್ಟರ್ ಹಾಕಿಬಿಡಿ, ತೊಳೆದ ಟ್ಯಾಂಕಿನಿಂದ ಇನ್ನೂ ಸ್ವಲ್ಪ ದಿನ ಹುಡಿ ಬರುತ್ತಿರುತ್ತದೆ.