ಬೇಸಿಗೆಯಲ್ಲಿ ಹಾಳೆ ಕಳಚದ ಪುಸ್ತಕಕ್ಕೆ ಯಾವ ಅಂಟು?

ಪ್ರಶ್ನೆ (ವಿಜಯಪುರದಿಂದ): ಶರಣು ಸರ್. ಮೂರು ವರ್ಷಗಳ ಹಿಂದೆ ನಮ್ಮೂರಿನ ಇತಿಹಾಸ ಕುರಿತು ಅಚ್ಚು ಹಾಕಿಸಿದ 320 ಪುಟಗಳ ಪುಸ್ತಕದ ಹಾಳೆಗಳು ಎರಡನೆಯ ಬೇಸಿಗೆಗೇ ಬೆನ್ನಿನಿಂದ ಕಳಚಿ ಕೈಗೆ ಬಂದವು. ಈಗ 500 ಪ್ರತಿ ಮರುಮುದ್ರಣ ಮಾಡಿಸುತ್ತಿದ್ದೇವೆ. ಒಳಪುಟಗಳು 70 ಜಿಎಸ್‌ಎಂ (ಚದರ ಮೀಟರಿಗೆ 70 ಗ್ರಾಂ) ಮ್ಯಾಪ್‌ಲಿಥೋ, ಅಂದರೆ ಲೇಪವಿಲ್ಲದ ಮಾಮೂಲಿ ಮುದ್ರಣ ಕಾಗದ; ನಡುವೆ 16 ಪುಟ ಆರ್ಟ್ ಪೇಪರಿನ (ನುಣುಪು ಲೇಪವಿರುವ ಕಾಗದದ) ಚಿತ್ರಗಳು. ಪರ್ಫೆಕ್ಟ್ ಬೈಂಡಿಂಗ್‌ಗೆ (ಹೊಲಿಯದೆ ಬೆನ್ನಿಗೆ ಅಂಟು ಹಚ್ಚಿ ಕಟ್ಟುವುದಕ್ಕೆ) ಯಾವ ಅಂಟು ಬಾಳಿಕೆ ಬರುತ್ತದೆ?

ಉತ್ತರ (ಬೆಳಗಾವಿಯ ಬೈಂಡರ್): ಶರಣು. ಮುದ್ರಣಾಲಯಗಳು ಸಾಮಾನ್ಯವಾಗಿ ಬಳಸುವುದು ಇವಿಎ ಹಾಟ್ ಮೆಲ್ಟ್. ಸುಮಾರು 160ರಿಂದ 180 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗಿಸಿ ಹಚ್ಚುವ ಈ ಅಂಟು ಕೆಲವೇ ಸೆಕೆಂಡುಗಳಲ್ಲಿ ಗಟ್ಟಿಯಾಗುವುದರಿಂದ ಕೆಲಸ ಬೇಗ ಮುಗಿಯುತ್ತದೆ. ಆದರೆ ಕಾಯಿಸಿದರೆ ಕರಗುವ ಅದರ ಗುಣ ಹಾಗೆಯೇ ಉಳಿಯುವುದರಿಂದ ತಗಡಿನ ಮಾಡಿನ ಕೆಳಗೆ, ಬಿಸಿಲಲ್ಲಿ ನಿಂತ ಕಾರಿನೊಳಗೆ ಮೆತ್ತಗಾಗುತ್ತದೆ, ವರ್ಷ ಕಳೆದಂತೆ ಪೆಡಸಾಗಿ ಬಿರುಕು ಬಿಡುತ್ತದೆ. ನಿಮ್ಮ ಪುಸ್ತಕಕ್ಕೆ ನಾನು ಪಿಯುಆರ್ (ಪಾಲಿಯುರೆಥೇನ್) ಅಂಟನ್ನು ಹೇಳುತ್ತೇನೆ. ಇದನ್ನು ಸುಮಾರು 120 ಡಿಗ್ರಿಯಲ್ಲಿ ತೆಳುವಾಗಿ ಹಚ್ಚುತ್ತಾರೆ. ಗಾಳಿಯ ಮತ್ತು ಕಾಗದದ ತೇವಾಂಶದೊಡನೆ ಸೇರಿ ಅದು ರಾಸಾಯನಿಕವಾಗಿ ಬಲಿಯುವುದರಿಂದ ಮತ್ತೆ ಕರಗುವುದಿಲ್ಲ, ಆರ್ಟ್ ಪೇಪರನ್ನೂ ಚೆನ್ನಾಗಿ ಹಿಡಿಯುತ್ತದೆ. ಪೂರ್ತಿ ಬಲಿಯಲು ಒಂದು ದಿನವಾದರೂ ಬೇಕು, ನಿಮ್ಮ ಕಡೆಯ ಒಣ ಹವೆಯಲ್ಲಿ ಇನ್ನೂ ಹೆಚ್ಚು. ಅದರ ಹಬೆ ಉಸಿರಾಟಕ್ಕೆ ಹಾನಿಕರ. ಹೊಗೆ ಎಳೆಯುವ ಫ್ಯಾನ್ ಇರುವ ಕಡೆಯೇ ಮಾಡಿಸಿ, ಕೆಲಸಗಾರರ ಆರೋಗ್ಯವೂ ನಮ್ಮ ಹೊಣೆಯೇ.

ಪಿಯುಆರ್ ಯಂತ್ರ ಸಿಗದಿದ್ದರೆ, ಬೆನ್ನಿನ ಹಾಳೆಗಳನ್ನು ಬೀಸಣಿಗೆಯಂತೆ ಎರಡೂ ಕಡೆಗೆ ಬಾಗಿಸಿ ಬಿಳಿ ಪಿವಿಎ ಅಂಟನ್ನು ಕೈಯಿಂದ ಹಚ್ಚಿ, ಒತ್ತಿನಲ್ಲಿ ರಾತ್ರಿಯಿಡೀ ಒಣಗಿಸಬಹುದು. ಆದರೆ ಅದರಲ್ಲಿ ನೀರು ಇರುವುದರಿಂದ ಕಾಗದದ ಎಳೆ (ನಾರುಗಳು ಸಾಗುವ ದಿಕ್ಕು) ಬೆನ್ನಿಗೆ ಸಮಾನಾಂತರವಾಗಿರಲೇಬೇಕು. ಅಡ್ಡಲಾಗಿದ್ದರೆ ಬೆನ್ನು ಸುಕ್ಕುಗಟ್ಟುತ್ತದೆ.

ಅಂಟನ್ನು ದೂರುವ ಮೊದಲು ಒಂದು ಕೆಲಸ ಮಾಡಿ: ಕಳಚಿದ ಹಾಳೆಯ ಅಂಚನ್ನು ಬೆಳಕಿಗೆ ಹಿಡಿದು ನೋಡಿ ತಿಳಿಸಿ.

ಪ್ರಶ್ನೆ: ನೋಡಿದೆ ಸರ್. ಅಂಚು ಕತ್ತರಿಸಿದಂತೆ ನುಣುಪಾಗಿದೆ, ಅಂಟಿನ ಪಟ್ಟಿ ಮುಖಪುಟಕ್ಕೇ ಹಿಡಿದುಕೊಂಡು ಉಳಿದಿದೆ.

ಉತ್ತರ: ಹಾಗಿದ್ದರೆ ಅಂಟಿಗಿಂತ ಮುಂಚೆಯೇ ತಪ್ಪು ನಡೆದಿದೆ. ಬೆನ್ನನ್ನು ಮಿಲ್ಲಿಂಗ್ ಮಾಡಿ, ಅಂದರೆ ಯಂತ್ರದ ಬ್ಲೇಡುಗಳಿಂದ ಕೆರೆದು, ನಾರು ಏಳುವಂತೆ ಒರಟುಗೊಳಿಸದಿದ್ದರೆ ಯಾವ ಅಂಟಿಗೂ ಹಿಡಿತ ಸಿಗುವುದಿಲ್ಲ. ಆರ್ಟ್ ಪೇಪರಿನಲ್ಲಂತೂ ಮೇಲಿನ ಲೇಪ ದಾಟಿ ನಾರಿನವರೆಗೆ ತಲುಪಬೇಕು. ಈ ಸಲ ಮೊದಲು ಎರಡೇ ಪ್ರತಿ ಕಟ್ಟಿಸಿ, ಎರಡು ದಿನ ಬಿಟ್ಟು ಚಿತ್ರದ ಪುಟವೊಂದನ್ನು ನೇರವಾಗಿ ಎಳೆಯಿರಿ. ಕಾಗದ ಹರಿದರೆ ಉಳಿದ 498ಕ್ಕೆ ಒಪ್ಪಿಗೆ ಕೊಡಿ. ಹಾಳೆ ಇಡಿಯಾಗಿ ಕಳಚಿ ಬಂದರೆ ಯಂತ್ರದ ಬ್ಲೇಡುಗಳನ್ನು ಬದಲಿಸಲು ಹೇಳಿ.