ಭತ್ತದ ಇಳುವರಿ ಏರಿದೆ, ಕಣಜ ಮಾತ್ರ ಅದೇ ತಿಂಗಳಿಗೆ ಖಾಲಿ. ಯಾಕೆ?

ಮಡಿಲೆಕ್ಕ:
ಹೈಬ್ರಿಡ್ ಬೀಜ, ಗೊಬ್ಬರವನ್ನು ಸಾಲವಾಗಿ ಕೊಡುವ ಯೋಜನೆ. ಎಕರೆಗೆ 10 ಕ್ವಿಂಟಲ್ ಇದ್ದದ್ದು 13 ಆಗಿದೆ ಎನ್ನುತ್ತದೆ ವರದಿ. ಮನೆಯ ಅಕ್ಕಿ ಮಾತ್ರ ಮೊದಲಿನಷ್ಟೇ ತಿಂಗಳು ಬರುತ್ತಿದೆ ಅಂತಾರೆ ರೈತರು. ಯಾರ ಮಾತು ಸುಳ್ಳು?

ಕಣಜ:
ಎರಡೂ ನಿಜ ಇರಬಹುದು. ತೂಗಿದ್ದು ಯಾವಾಗ ಕೇಳಿ. ಒಂದು ಎಕರೆಯ ಮನೆ ಅಂತ ಇಟ್ಟುಕೊಳ್ಳಿ. ಕಟಾವಿನ ದಿನ ತೇವಾಂಶ 22% ಇದ್ದರೆ, 14%ಗೆ ಒಣಗುವಷ್ಟರಲ್ಲಿ 13 ಕ್ವಿಂಟಲ್ 11.8ಕ್ಕೆ ಇಳಿಯುತ್ತದೆ. ಸಾಲಕ್ಕೆ 3 ಕ್ವಿಂಟಲ್ ಅಳೆದುಕೊಟ್ಟರೆ ಉಳಿದದ್ದು 8.8. ಗಿರಣಿಯಲ್ಲಿ ನೂರಕ್ಕೆ 65ರಂತೆ ಅಕ್ಕಿ 5.7 ಕ್ವಿಂಟಲ್. ಐದು ಜನಕ್ಕೆ ದಿನಕ್ಕೆ 2 ಕೆಜಿ ಅಂದರೆ ಒಂಬತ್ತೂವರೆ ತಿಂಗಳು.

ಈಗ ಹಳೇ ಲೆಕ್ಕ ಹಾಕಿ: 10 ಕ್ವಿಂಟಲ್ ಒಣಗಿ 9.1, ಬಿತ್ತನೆಗೆ 30 ಕೆಜಿ ತೆಗೆದಿಟ್ಟರೆ 8.8. ಅದೇ ಅಕ್ಕಿ, ಅದೇ ತಿಂಗಳು! ಜೊತೆಗೆ ಹೈಬ್ರಿಡ್ ಕಾಳನ್ನು ಮತ್ತೆ ಬಿತ್ತಿದರೆ ಗಿಡದ ಎತ್ತರ, ಹೂ ಬಿಡುವ ದಿನ ಎಲ್ಲ ಏರುಪೇರು. ಹಾಗಾಗಿ ಪ್ರತಿ ಹಂಗಾಮಿಗೂ ಬೀಜ ಕೊಳ್ಳಲೇಬೇಕು.

ಜೊಳ್ಳು:
ಸಾಲ ಎಷ್ಟು ಅನ್ನುವುದಕ್ಕಿಂತ ಕಂತು ಯಾವಾಗ ಅನ್ನುವುದು ಮುಖ್ಯ. ಕಣದಲ್ಲೇ ಕಂತು ಕಟ್ಟಬೇಕಾದರೆ ಎಲ್ಲರೂ ಒಂದೇ ವಾರ ಮಾರುತ್ತಾರೆ, ಬೆಲೆ ಬೀಳುತ್ತದೆ. ಅದೇ ಮನೆಯವರು ನಾಟಿ ಹೊತ್ತಿಗೆ ದುಬಾರಿ ಅಕ್ಕಿ ಕೊಳ್ಳುತ್ತಾರೆ. ಒಣಗಿಸಲು ಜಾಗ, ಗಾಳಿಯಾಡದ ಚೀಲ, ಕಂತು ಕಟ್ಟಲು ಮೂರು ನಾಲ್ಕು ತಿಂಗಳ ವಾಯಿದೆ: ಹೊಸ ತಳಿಗಿಂತ ಇವು ಹೆಚ್ಚು ಊಟ ಉಳಿಸುತ್ತವೆ ಅಂತ ನನ್ನ ಲೆಕ್ಕ.

ಇನ್ನೊಂದು, ಯಾರೂ ಬರೆದುಕೊಳ್ಳದ ನಷ್ಟ: ಗದ್ದೆಯ ಮೀನು, ಏಡಿ, ಬದುವಿನ ಸೊಪ್ಪು. ಯೋಜನೆಯ ಕಿಟ್‌ನಲ್ಲಿ ಕೀಟನಾಶಕ ಇದ್ದರೆ ಸಾರಿನ ಪಾತ್ರೆಗೆ ಬೀಳುತ್ತಿದ್ದದ್ದು ಮೊದಲು ಹೋಗುತ್ತದೆ. ಬೇಗ ಹೊಡೆದರೆ ಹುಳ ತಿನ್ನುವ ಜೇಡಗಳು ಸತ್ತು, ಭತ್ತದ ರಸ ಹೀರುವ ಕಂದು ಜಿಗಿಹುಳು ವಿಪರೀತ ಹೆಚ್ಚುತ್ತದೆ. ಇಂಡೋನೇಷ್ಯಾ 1986ರಲ್ಲಿ ಭತ್ತಕ್ಕೆ 57 ಕೀಟನಾಶಕಗಳನ್ನು ನಿಷೇಧಿಸಿದ್ದು ಇದೇ ಕಾಟಕ್ಕೆ.

ಮಡಿಲೆಕ್ಕ:
ತೂಕ ಹಸಿ ಕಾಳಿನದ್ದೇ, ನೋಡಿದೆ. ಮುಂದಿನ ಸಮೀಕ್ಷೆಗೆ ಏನು ಸೇರಿಸಲಿ?

ಕಣಜ:
ಕಟಾವಾದ ಮೊದಲ 30 ದಿನದಲ್ಲಿ ಎಷ್ಟು ಚೀಲ ಹೊರಹೋಯಿತು, ಕಳೆದ 12 ತಿಂಗಳಲ್ಲಿ ಯಾವ ಯಾವ ತಿಂಗಳು ಊಟಕ್ಕೆ ಸಾಲಲಿಲ್ಲ, ನಿನ್ನೆ ಅನ್ನದ ಜೊತೆ ಏನೇನು ತಿಂದರು. ಎರಡು ವರ್ಷ ಹೋಲಿಸುವುದಾದರೆ ಎರಡೂ ಸಲ ಒಂದೇ ತಿಂಗಳಲ್ಲಿ ಕೇಳಿ. ಮೊದಲ ಸಲ ನಾಟಿಯಲ್ಲಿ, ಎರಡನೇ ಸಲ ಸುಗ್ಗಿಯಲ್ಲಿ ಕೇಳಿದರೆ ಯಾವ ಯೋಜನೆಯೂ ಗೆದ್ದಂತೆ ಕಾಣುತ್ತದೆ.